ಮರ ಹಿಡಿದುಕೊಂಡಿದ್ದರೆ ಗುಡ್ಡ ಯಾಕೆ ಜಾರಿತು ಸರ್?

ಜುಲೈ ತಿಂಗಳಲ್ಲಿ ಅರಬೈಲ್ ಘಟ್ಟ ಇಳಿಯುವ ಬಸ್ಸಿನಲ್ಲಿ ಕೂತಿದ್ದೀರಾ? ಪ್ರವಾಸಕ್ಕೆ ಬಂದವರು ಕಿಟಕಿಯಿಂದ ಮೋಡ, ಹಸಿರು ನೋಡಿ ಮೊಬೈಲ್ ಹೊರಗೆ ತೆಗೆಯುತ್ತಾರೆ. ನಮ್ಮ ಕಡೆಯವರು ಧರೆ ನೋಡುತ್ತಾರೆ. ನಿನ್ನೆ ಇದ್ದ ಮಣ್ಣು ಇವತ್ತೂ ಅಲ್ಲೇ ಇದೆಯಾ ಅಂತ.

ಈ ಬರಹ ಒಬ್ಬ ಎಂಟನೇ ತರಗತಿ ಹುಡುಗಿ ಕೇಳಿದ ಒಂದು ಪ್ರಶ್ನೆಯ ಬಗ್ಗೆ. ಹೆಸರು ಬೇಡ, ಚಿಕ್ಕವಳು. ಶಾಲೆಯ ಹೆಸರೂ ಬೇಡ. ಮನೆ ಘಟ್ಟದ ಕೆಳಗೆ, ತೋಟದ ಅಂಚಿನಲ್ಲಿ ಎಂದಷ್ಟು ಗೊತ್ತಿದ್ದರೆ ಸಾಕು.

ಫೆಬ್ರವರಿ 28, ರಾಷ್ಟ್ರೀಯ ವಿಜ್ಞಾನ ದಿನ. ಶಾಲೆಯಲ್ಲಿ ಭಾಷಣ ಸ್ಪರ್ಧೆ ಇತ್ತು. ವಿಷಯ, ‘ವಿಜ್ಞಾನ ತರಗತಿಯಲ್ಲಿ ನಾನು ಕಲಿತದ್ದು’. ನಾವು ಹೋಗಿದ್ದು ಸುದ್ದಿಗೆ. ನಮ್ಮಂಥ ಸ್ಟ್ರಿಂಗರ್‌ಗಳಿಗೆ ಇಂಥ ಕಾರ್ಯಕ್ರಮ ಎಂದರೆ ಒಂದು ಫೋಟೊ, ನಾಲ್ಕು ಸಾಲು, ಅತಿಥಿಗಳ ಹೆಸರು ತಪ್ಪಬಾರದು, ಅಷ್ಟೆ.

ಮೊದಲ ಆರು ಮಕ್ಕಳೂ ಒಂದೇ ರೀತಿ ಶುರು ಮಾಡಿದರು. ಸರ್ ಸಿ.ವಿ. ರಾಮನ್ ಅವರು 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮವನ್ನು ಕಂಡುಹಿಡಿದರು, 1930ರಲ್ಲಿ ನೊಬೆಲ್ ಬಂತು. ಬಾಯಿಪಾಠ ಚೆನ್ನಾಗಿತ್ತು. ಪರಿಣಾಮ ಎಂದರೆ ಏನು ಅಂತ ಯಾರೂ ಹೇಳಲಿಲ್ಲ. ನಾವೂ ಆ ವಯಸ್ಸಿನಲ್ಲಿ ಹೇಳಿರಲಿಲ್ಲ, ಬಿಡಿ.

ಏಳನೆಯವಳು ಈ ಹುಡುಗಿ. ನೋಟ್‌ಬುಕ್ಕಿನ ಒಂದು ಹಾಳೆ ಹಿಡಿದು ಬಂದಳು. ರಾಮನ್ ಹೆಸರೇ ಬರಲಿಲ್ಲ. ‘ನಾನು ವಿಜ್ಞಾನ ತರಗತಿಯಲ್ಲಿ ಕಲಿತದ್ದು ಮೂರು ಪಾಠ. ಮೂರೂ ನಮ್ಮ ಮನೆಯ ಹಿಂದಿನ ಗುಡ್ಡಕ್ಕೆ ಸಂಬಂಧಪಟ್ಟದ್ದು. ಆದರೆ ಪುಸ್ತಕದಲ್ಲಿ ಅವು ಬೇರೆ ಬೇರೆ ಕಡೆ ಇವೆ’ ಎಂದಳು.

ಆ ಹಾಳೆಯ ಫೋಟೊ ನಮ್ಮ ಫೋನಿನಲ್ಲಿ ಇನ್ನೂ ಇದೆ.

ಮೊದಲನೆಯದು ಮಣ್ಣು. ತರಗತಿಯಲ್ಲಿ ಮೇಷ್ಟ್ರು ಎರಡು ಬಾಟಲಿ ಅಡ್ಡ ಮಲಗಿಸಿ, ಕೊಯ್ದು, ಮಣ್ಣು ತುಂಬಿ, ಒಂದರಲ್ಲಿ ಹುಲ್ಲು ಬೆಳೆಸಿ ತೋರಿಸಿದ್ದರು. ನೀರು ಹುಯ್ದರೆ ಹುಲ್ಲಿದ್ದ ಬಾಟಲಿಯಿಂದ ತಿಳಿನೀರು ಬಂತು, ಬರೀ ಮಣ್ಣಿನದರಿಂದ ರಾಡಿ ಬಂತು. ಬೇರು ಮಣ್ಣನ್ನು ಹಿಡಿಯುತ್ತದೆ ಎಂದು ಎಲ್ಲರೂ ಬರೆದುಕೊಂಡರು. ಎರಡನೆಯದು ಘರ್ಷಣೆ. ಮೂರನೆಯದು ಒತ್ತಡ.

ಆಮೇಲೆ ಅವಳು 2021ಕ್ಕೆ ಹೋದಳು. ಕೊರೊನಾ ಇತ್ತು, ಶಾಲೆ ಮುಚ್ಚಿತ್ತು, ಅವಳಿಗೆ ಒಂಬತ್ತೋ ಹತ್ತೋ ವರ್ಷ. ಆ ಜುಲೈ 22, 23ರ ಮಳೆ ನಮ್ಮ ತಾಲೂಕಿನಲ್ಲಿ ಯಾರೂ ಮರೆತಿಲ್ಲ. ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದು ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ ಬಂದ್ ಆಯಿತು. ಗುಳ್ಳಾಪುರದ ಸೇತುವೆ ಹೊಳೆಯ ಪಾಲಾಯಿತು. ಕಳಚೆಯಲ್ಲಿ ಮನೆ, ಅಡಿಕೆ ತೋಟ, ರಸ್ತೆ ಎಲ್ಲ ಗುಡ್ಡದ ಜೊತೆ ಕೆಳಗೆ ಬಂತು. ಕಳಚೆಗೆ ಹೋಗಿ ನೋಡಿದವರು ಹೇಳಲಿ, ಅದು ಬೋಳು ಗುಡ್ಡವಾಗಿತ್ತೇ? ಕಾಡಿತ್ತು. ತೋಟವಿತ್ತು. ಮರಗಳು ನಿಂತಲ್ಲಿಂದಲೇ ಮಣ್ಣಿನ ಸಮೇತ ಇಳಿದಿದ್ದವು.

ಹುಡುಗಿ ಹಾಳೆಯಿಂದ ತಲೆ ಎತ್ತಿ ಕೇಳಿದಳು. ‘ಬೇರು ಮಣ್ಣನ್ನು ಹಿಡಿಯುತ್ತದೆ ಎಂದು ನಾವು ಕಲಿತೆವು. ಹಾಗಾದರೆ ಮರ ಹಿಡಿದುಕೊಂಡಿದ್ದ ಗುಡ್ಡ ಯಾಕೆ ಜಾರಿತು ಸರ್?’

ಅಷ್ಟರಲ್ಲಿ ಗಂಟೆ ಹೊಡೆಯಿತು. ಮೂರು ನಿಮಿಷ ಆಗಿತ್ತು. ಬಹುಮಾನ ರಾಮನ್ ಬಗ್ಗೆ ತಡವರಿಸದೆ ಹೇಳಿದ ಹುಡುಗನಿಗೆ ಹೋಯಿತು. ತೀರ್ಪುಗಾರರೊಬ್ಬರು ಹುಡುಗಿಗೆ, ‘ಚೆನ್ನಾಗಿ ಮಾತಾಡಿದೆ ತಂಗಿ, ಆದರೆ ಪ್ರಶ್ನೆ ಕೇಳುವುದಲ್ಲ, ಕಲಿತದ್ದು ಹೇಳಬೇಕಿತ್ತು’ ಅಂದರು.

ಈ ಮಾತಿಗೆ ನಮ್ಮ ತಕರಾರಿದೆ. ಅಂದು ಆ ಶಾಲೆಯಲ್ಲಿ ಏನನ್ನಾದರೂ ಕಲಿತಿದ್ದೇನೆ ಎಂದು ತೋರಿಸಿಕೊಟ್ಟವಳು ಅವಳೊಬ್ಬಳೇ. ಬಾಟಲಿಯಲ್ಲಿ ಕಂಡದ್ದನ್ನು ಗುಡ್ಡಕ್ಕೆ ಒಯ್ದು ನೋಡಿದಳು, ಹೊಂದಲಿಲ್ಲ, ಹೊಂದಲಿಲ್ಲ ಅಂದಳು. ವಿಜ್ಞಾನ ಅಂದರೆ ಇದೇ ಅಲ್ಲವೇ?

ಮೇಷ್ಟ್ರನ್ನು ದೂರುವ ಮನಸ್ಸಿಲ್ಲ. ವಿಜ್ಞಾನ, ಗಣಿತ ಎರಡೂ ಒಬ್ಬರದೇ, ಅದರ ಮೇಲೆ ಮಕ್ಕಳ ಮೊಟ್ಟೆ ಲೆಕ್ಕ, ಆ್ಯಪಿಗೆ ಫೋಟೊ ಹಾಕುವ ಕೆಲಸ. ಬಾಟಲಿ ಕೊಯ್ದು ತೋರಿಸಿದರಲ್ಲ, ಅದೇ ದೊಡ್ಡದು. ನಾವು ಕಲಿಯುವಾಗ ಪ್ರಯೋಗ ಎಂದರೆ ಬೋರ್ಡಿನ ಮೇಲಿನ ಚಿತ್ರ. ಬೀಕರಿಗೆ ಶೇಡ್ ಚೆನ್ನಾಗಿ ಕೊಟ್ಟವರಿಗೆ ಒಂದು ಅಂಕ ಜಾಸ್ತಿ.

ಅವಳ ಪ್ರಶ್ನೆಗೆ ಉತ್ತರ ಇದೆ. ಅದು ಅವಳದೇ ಮೂರು ಪಾಠಗಳನ್ನು ಸೇರಿಸಿದರೆ ಸಿಗುತ್ತದೆ.

ಹುಲ್ಲು ಹಿಡಿದುಕೊಳ್ಳುವುದು ಮೇಲಿನ ಮಣ್ಣನ್ನು. ಮಳೆ ಹನಿ ಹೊಡೆದು ಕೊಚ್ಚಿಕೊಂಡು ಹೋಗುತ್ತದಲ್ಲ, ಆ ಸವಕಳಿಯನ್ನು ಅದು ತಡೆಯುತ್ತದೆ. ಮರದ ಬೇರು ಇನ್ನೂ ಸ್ವಲ್ಪ ಕೆಳಗಿನವರೆಗೆ ಹಿಡಿಯುತ್ತದೆ, ಅಷ್ಟರ ಮಟ್ಟಿಗೆ ಬಲ ಕೊಡುವುದೂ ನಿಜ. ಆದರೆ ನಮ್ಮ ಘಟ್ಟದಲ್ಲಿ ಎಷ್ಟೋ ಕಡೆ ಕಲ್ಲು ಶಿಥಿಲವಾಗಿ ಆದ ಮಣ್ಣು ಬೇರಿಗಿಂತ ಬಹಳ ಆಳಕ್ಕಿದೆ. ಅದರ ಕೆಳಗೆ ಗಟ್ಟಿ ಬಂಡೆ. ದಿನಗಟ್ಟಲೆ ಬಿಡದೆ ಸುರಿದ ನೀರು ಇಂಗಿ ಇಂಗಿ ಆ ಬಂಡೆಯ ಮೇಲೆ ನಿಲ್ಲುತ್ತದೆ. ನಿಂತ ನೀರಿಗೆ ಒತ್ತಡ ಇರುತ್ತದೆ, ಅದು ಮಣ್ಣಿನ ಕಣಗಳನ್ನು ಒಂದರಿಂದ ಒಂದು ದೂರ ತಳ್ಳುತ್ತದೆ. ಕಣಗಳ ನಡುವಿನ ಹಿಡಿತ, ಅಂದರೆ ಘರ್ಷಣೆ, ಕಡಿಮೆಯಾಗುತ್ತದೆ. ಇತ್ತ ನೀರು ಕುಡಿದ ಮಣ್ಣಿನ ತೂಕ ಏರಿರುತ್ತದೆ. ಆಗ ಜಾರುವುದು ಬೇರಿನ ಕೆಳಗಿನ ಪದರ. ಮೇಲಿರುವ ಮರಗಳು ಬಸ್ಸಿನಲ್ಲಿ ನಿಂತ ಪ್ರಯಾಣಿಕರ ಹಾಗೆ ಅದರ ಜೊತೆ ಹೋಗುತ್ತವೆ.

ರಸ್ತೆಗೋ ಮನೆಗೋ ಗುಡ್ಡದ ಬುಡ ಕಡಿದಿದ್ದರೆ ಇನ್ನೂ ಬೇಗ. ಅಂಗಳದಲ್ಲಿ ಅಡಿಕೆ ರಾಶಿ ಹಾಕಿದಾಗ ಬುಡದಿಂದ ಎರಡು ಬೊಗಸೆ ತೆಗೆದು ನೋಡಿ. ಮೇಲಿನದು ತಾನಾಗಿ ಇಳಿಯುತ್ತದೆ.

ಇದನ್ನು ಹೇಳುವುದು ಮರ ಬೇಡ ಎನ್ನುವುದಕ್ಕಲ್ಲ. ಹಾಗೆ ಓದಿಕೊಂಡು ಯಾರಾದರೂ ಕೊಡಲಿ ಹಿಡಿದು ಹೊರಟರೆ ನಾವು ಜವಾಬ್ದಾರರಲ್ಲ. ಮರ ಇದೆ, ಆದ್ದರಿಂದ ನಮ್ಮ ಗುಡ್ಡ ಭದ್ರ ಎಂದು ಮಲಗಬಾರದು ಎನ್ನುವುದಕ್ಕೆ ಹೇಳುತ್ತಿದ್ದೇವೆ. ಇಂಗುಗುಂಡಿಯ ಕತೆಯೂ ಹೀಗೆಯೇ. ನೀರಿಂಗಿಸಿ ಎನ್ನುವುದು ಬಯಲಿಗೆ ಒಳ್ಳೆಯ ಪಾಠ. ಮನೆಯ ಮೇಲ್ಬದಿಯ ಕಡಿದಾದ ಇಳಿಜಾರಿನಲ್ಲಿ ಗುಂಡಿ ತೋಡಿ ನೀರು ನಿಲ್ಲಿಸುವ ಮುಂಚೆ ತಿಳಿದವರನ್ನು ಕೇಳಬೇಕು. ಅಂಥಲ್ಲಿ ನೀರನ್ನು ಬಸಿದು ಹೊರಗೆ ಹಾಕುವ ಕಾಲುವೆ ಮುಖ್ಯ.

ಕಾರ್ಯಕ್ರಮ ಮುಗಿದ ಮೇಲೆ ಹುಡುಗಿಯನ್ನು ಮಾತಾಡಿಸಿದೆವು. ಅವಳ ಮನೆಯಲ್ಲಿ ಇನ್ನೊಂದು ಬಾಟಲಿ ಇದೆ ಅಂತ ಆಗ ಗೊತ್ತಾಯಿತು, ಮಳೆ ಅಳೆಯುವುದು. ಎರಡು ಲೀಟರಿನ ತಂಪು ಪಾನೀಯದ ಬಾಟಲಿ. ಮೇಲ್ಭಾಗ ಕೊಯ್ದು, ಅದನ್ನೇ ತಲೆಕೆಳಗು ಮಾಡಿ ಆಲಿಕೆಯ ಹಾಗೆ ಕೂರಿಸಿದ್ದಾಳೆ. ತಳ ಉಬ್ಬುತಗ್ಗು ಇರುತ್ತದಲ್ಲ, ಅಲ್ಲಿ ಸಣ್ಣ ಕಲ್ಲು ಹಾಕಿ, ಮುಳುಗುವಷ್ಟು ನೀರು ಬಿಟ್ಟು, ಆ ಮಟ್ಟಕ್ಕೆ ಸೊನ್ನೆ ಎಂದು ಗೆರೆ. ಅಲ್ಲಿಂದ ಮೇಲಕ್ಕೆ ಒಂದು ಪಟ್ಟಿ ಅಂಟಿಸಿದರೆ ಆಯಿತು.

ಮೊದಲ ದಿನವೇ ತುಂಬಿ ಹರಿಯಿತಂತೆ. ಊರಿಗೆಲ್ಲ ದಾಖಲೆ ಮಳೆ ಎಂದು ಹೇಳಿಕೊಂಡು ಬಂದಳಂತೆ. ಆಮೇಲೆ ನೋಡಿದರೆ ಬಾಟಲಿ ಇಟ್ಟಿದ್ದು ಮಾಡಿನ ಹಂಚಿನ ನೀರು ಬೀಳುವ ಕಡೆ! ‘ಎಲ್ಲಿ ಇಡಬೇಕು ಅನ್ನುವುದೂ ಪ್ರಯೋಗವೇ ಅಂತ ಅವತ್ತು ಕಲಿತೆ ಸರ್’ ಅಂದಳು. ಈಗ ಅಂಗಳದ ನಡುವೆ, ಮಾಡಿನಿಂದ, ಮರದಿಂದ ದೂರ. ದಿನಾ ಬೆಳಿಗ್ಗೆ ಎಂಟೂವರೆಗೆ ನೋಡುತ್ತಾಳೆ. ಹವಾಮಾನ ಇಲಾಖೆಯೂ ದಿನದ ಮಳೆಯನ್ನು ಲೆಕ್ಕ ಮಾಡುವುದು ಬೆಳಿಗ್ಗೆ 8.30ಕ್ಕೆ.

ನಮ್ಮಲ್ಲಿ ಇದು ಹೊಸದೇನಲ್ಲ. ಎಷ್ಟೋ ತೋಟಿಗರ ಮನೆಯಲ್ಲಿ ಅಜ್ಜಂದಿರು ಮಳೆಮಾಪಕ ಇಟ್ಟು ಡೈರಿಯಲ್ಲಿ ಇಂಚು ಬರೆದಿಟ್ಟಿದ್ದಾರೆ. ಇಂಚಿನಲ್ಲೇ ಲೆಕ್ಕ ಹಾಕೋಣ. ಒಂದು ಇಂಚು ಅಂದರೆ 25.4 ಮಿಲಿಮೀಟರ್. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಎಕರೆಗೆ ಸುಮಾರು 4,047 ಚದರ ಮೀಟರ್. ಗುಣಿಸಿ ನೋಡಿ, ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಎಂದರೆ ಒಂದು ಲಕ್ಷ ಲೀಟರಿಗಿಂತ ಸ್ವಲ್ಪ ಹೆಚ್ಚು. ತೂಕ ನೂರು ಟನ್. ಒಂದು ದಿನಕ್ಕೆ ಎಂಟು ಇಂಚು ದಾಟಿದರೆ ಹವಾಮಾನ ಇಲಾಖೆ ಅದನ್ನು ಅತ್ಯಂತ ಭಾರಿ ಮಳೆ ಎನ್ನುತ್ತದೆ. ಅಂಥ ಒಂದು ದಿನ ನಿಮ್ಮ ಮನೆಯ ಹಿಂದಿನ ಒಂದೇ ಎಕರೆಯ ಮೇಲೆ ಎಂಟು ನೂರು ಟನ್ ನೀರು ಬಿದ್ದಿರುತ್ತದೆ. ಹೆಚ್ಚಿನದು ಹರಿದು ಹೋಗುತ್ತದೆ ಸರಿ. ಉಳಿದದ್ದು ಎಲ್ಲಿ ಹೋಯಿತು ಎನ್ನುವುದೇ ಪ್ರಶ್ನೆ.

ಟಿವಿಯಲ್ಲಿ ‘ರೆಡ್ ಅಲರ್ಟ್’ ಅಂದರೆ ನಾವು ಚಾನೆಲ್ ಬದಲಿಸುತ್ತೇವೆ. ಈ ಲೆಕ್ಕ ಒಮ್ಮೆ ಮಗಳ ಕೈಯಿಂದ ಮಾಡಿಸಿ ನೋಡಿ. ಆ ರಾತ್ರಿ ನಿದ್ದೆ ಬರುವುದು ಕಷ್ಟ.

ಪಂಚಾಯಿತಿ ಮಟ್ಟದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳಿವೆ, ನಿಜ. ಅದರ ಅಂಕಿ ಬೆಂಗಳೂರಿಗೆ ಹೋಗುತ್ತದೆ. ಆದರೆ ಘಟ್ಟದಲ್ಲಿ ಒಂದು ಕಣಿವೆಗೂ ಪಕ್ಕದ್ದಕ್ಕೂ ಮಳೆ ಬೇರೆ ಬೇರೆ ಎಂದು ಛತ್ರಿ ಹಿಡಿದು ನಡೆದ ಎಲ್ಲರಿಗೂ ಗೊತ್ತು. ಮಜಾ ಎಂದರೆ, ಮಳೆ ಜೋರಾದ ದಿನವೇ ಶಾಲೆಗೆ ರಜೆ. ಶಾಲೆಯ ಅಂಗಳದಲ್ಲಿ ಬಾಟಲಿ ಇಟ್ಟರೆ ಅಳೆಯಲೇಬೇಕಾದ ದಿನ ಅಳೆಯುವವರಿಲ್ಲ. ರಜೆ ಕೊಡುವುದು ಸರಿಯೇ. ಬಾಟಲಿ ಮಕ್ಕಳ ಮನೆಗೆ ಹೋಗಬೇಕು, ಅಷ್ಟೆ.

ಹಾಳೆಯ ಕೊನೆಯಲ್ಲಿ ಅವಳು ಅಜ್ಜಿಯ ಮಾತು ಬರೆದಿದ್ದಳು. ಭಾಷಣದಲ್ಲಿ ಅಲ್ಲಿಗೆ ಬರುವಷ್ಟರಲ್ಲಿ ಗಂಟೆ ಹೊಡೆದಿತ್ತು. ‘ಧರೆಯ ಒರತೆಯಲ್ಲಿ ಕೆಂಪು ನೀರು ಬಂತೆಂದರೆ ಆ ಬದಿಗೆ ಹೋಗೂಕಾಗ ತಂಗಿ.’ ಅಜ್ಜಿ ಶಾಲೆಗೆ ಹೋದವರಲ್ಲ. ಆದರೆ ತಿಳಿಯಾಗಿದ್ದ ಒರತೆ ಕೆಂಪಾಯಿತು ಎಂದರೆ ನೀರು ಗುಡ್ಡದ ಒಳಗಿನಿಂದ ಮಣ್ಣು ಹೊರಗೆ ತರುತ್ತಿದೆ ಎಂದೇ ಅರ್ಥ. ಇನ್ನೂ ಕೆಲವು ಗುರುತುಗಳಿವೆ. ಅಂಗಳದಲ್ಲೋ ಬೆಟ್ಟದ ಮೇಲೋ ಹೊಸ ಬಿರುಕು. ನೆಟ್ಟಗಿದ್ದ ಕಂಬ, ಮರ ವಾಲುವುದು. ನಿನ್ನೆ ಸಲೀಸಾಗಿ ಹಾಕಿದ ಬಾಗಿಲು ಇವತ್ತು ಸಿಕ್ಕಿಕೊಳ್ಳುವುದು. ಜೋರು ಮಳೆಯ ನಡುವೆ ಹಳ್ಳದ ನೀರು ಇದ್ದಕ್ಕಿದ್ದಂತೆ ಕಡಿಮೆಯಾದರೆ ಮೇಲೆ ಎಲ್ಲೋ ಕಟ್ಟಿಕೊಂಡಿದೆ ಎಂದು ತಿಳಿಯಬೇಕು. ಇವನ್ನು ಕಂಡರೆ ಸಾಮಾನು ಕಟ್ಟುತ್ತ ಕೂರಬಾರದು. ದನ ಬಿಚ್ಚಿ, ಮನುಷ್ಯರು ಹೊರಡಬೇಕು.

2004ರ ಡಿಸೆಂಬರ್ 26ರ ಸುನಾಮಿ ನೆನಪಿರಬಹುದು. ಥಾಯ್ಲೆಂಡಿನ ಫುಕೆಟ್ ಕಡಲತೀರದಲ್ಲಿ ಟಿಲ್ಲಿ ಸ್ಮಿತ್ ಎಂಬ ಹತ್ತು ವರ್ಷದ ಇಂಗ್ಲಿಷ್ ಹುಡುಗಿ ಅಪ್ಪ ಅಮ್ಮನ ಜೊತೆ ರಜೆಗೆ ಬಂದಿದ್ದಳು. ನೀರು ನೊರೆ ನೊರೆಯಾಗಿ ವಿಚಿತ್ರವಾಗಿ ವರ್ತಿಸುವುದು ಕಂಡಳು. ಎರಡು ವಾರ ಮೊದಲಷ್ಟೇ ಭೂಗೋಳ ತರಗತಿಯಲ್ಲಿ ಸುನಾಮಿಯ ಪಾಠ ಆಗಿತ್ತು. ಸುನಾಮಿ ಬರುತ್ತಿದೆ ಎಂದು ಹಟ ಹಿಡಿದಳು. ಅಪ್ಪ ಕಾವಲುಗಾರನಿಗೆ ಹೇಳಿದರು, ತೀರ ಖಾಲಿ ಮಾಡಿಸಿದರು. ಅಲ್ಲಿದ್ದ ಸುಮಾರು ನೂರು ಜನ ಉಳಿದರು. ಪಾಠ ಮಾಡಿದ ಮೇಷ್ಟ್ರು, ಕೇಳಿದ ಹುಡುಗಿ ಇಬ್ಬರೂ ಸರಿಯೇ. ನಮಗೆ ಮುಖ್ಯ ಅನ್ನಿಸಿದ್ದು ಮೂರನೆಯವರು. ಹತ್ತು ವರ್ಷದ ಮಗು ಹೇಳಿದ್ದನ್ನು ದೊಡ್ಡವರು ಕೇಳಿದರು.

ನಮ್ಮ ಬೇಡ್ತಿಯೇ ಅಂಕೋಲಾ ಕಡೆ ಗಂಗಾವಳಿ. ಅದರ ದಡದ ಶಿರೂರಿನಲ್ಲಿ 2024ರ ಜುಲೈ 16ರ ಬೆಳಿಗ್ಗೆ ಗುಡ್ಡ ಹೆದ್ದಾರಿಯ ಮೇಲೆ ಬಿದ್ದು, ಚಹಾ ಅಂಗಡಿಯನ್ನೂ ಲಾರಿಗಳನ್ನೂ ಎಳೆದುಕೊಂಡು ಹೊಳೆಗೆ ಹೋಯಿತು. ಆಚೆ ದಡದ ಉಳುವರೆಯಲ್ಲೂ ನೀರು ನುಗ್ಗಿ ಮನೆಗಳು ಹೋದವು. ಒಬ್ಬ ಲಾರಿ ಚಾಲಕನ ಶವ ಸಿಗಲು ಸೆಪ್ಟೆಂಬರ್ ಕೊನೆಯಾಯಿತು. ಆ ಎರಡು ತಿಂಗಳು ಎಲ್ಲ ಚಾನೆಲ್‌ಗಳೂ ಅಲ್ಲೇ ಇದ್ದವು. ಗುಡ್ಡ ಯಾಕೆ ಬಿತ್ತು ಎಂದು ನಮ್ಮ ಶಾಲೆಗಳಲ್ಲಿ ಒಂದು ಪೀರಿಯಡ್ ಪಾಠ ಆಯಿತೇ? ನಾವು ಕೇಳಿದ ಮಕ್ಕಳಲ್ಲಿ ಯಾರೂ ಹೌದು ಅನ್ನಲಿಲ್ಲ.

ನಮ್ಮ ಬೇಡಿಕೆ ದೊಡ್ಡದಲ್ಲ, ಅನುದಾನವೂ ಬೇಕಿಲ್ಲ. ಯಲ್ಲಾಪುರ, ಶಿರಸಿ, ಸಿದ್ದಾಪುರದ ಘಟ್ಟದಂಚಿನ ಶಾಲೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೋರ್ಡಿನ ಮೂಲೆಯಲ್ಲಿ ದಿನಾಂಕದ ಕೆಳಗೆ ಮಳೆಯ ಅಂಕಿಯೂ ಬರಲಿ. ರಜೆಯಲ್ಲಿ ಮಕ್ಕಳು ಮನೆಯಲ್ಲಿ ಅಳೆದು ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಲಿ. ಹೇಗೂ ಅಲ್ಲಿ ಬರುವುದು ಗುಡ್ ಮಾರ್ನಿಂಗ್ ಹೂವು. ಇನ್ನು ಭಾಷಣ ಸ್ಪರ್ಧೆ ನಡೆಸುವವರು, ಉತ್ತರ ಹೇಳಿದವರಿಗೆ ಒಂದು ಬಹುಮಾನ ಇದ್ದರೆ ಪ್ರಶ್ನೆ ಕೇಳಿದವರಿಗೂ ಒಂದು ಇಡಿ. ಸ್ಟೀಲ್ ಲೋಟವಾದರೂ ಸಾಕು.

ಅವತ್ತು ನಾವು ಕಳಿಸಿದ ಸುದ್ದಿಯಲ್ಲಿ ಹುಡುಗಿಯ ಪ್ರಶ್ನೆಯನ್ನೂ ಬರೆದಿದ್ದೆವು. ಡೆಸ್ಕಿನಲ್ಲಿ ಜಾಗ ಸಾಲದೆ ಅದನ್ನು ತೆಗೆದರು. ಅತಿಥಿಗಳ ಹೆಸರು ಬಂತು, ಒಂದೂ ತಪ್ಪಿರಲಿಲ್ಲ. ಉಳಿದದ್ದನ್ನು ಇಲ್ಲಿ ಬರೆದಿದ್ದೇವೆ.

ಮೊನ್ನೆ ಅವಳ ಅಪ್ಪ ಘಟ್ಟದ ಚಹಾ ಅಂಗಡಿಯಲ್ಲಿ ಸಿಕ್ಕಿದ್ದರು. ಬಾಟಲಿ ಇನ್ನೂ ಇದೆಯಾ ಕೇಳಿದೆವು. ‘ಎರಡಾಗಿದೆ ಮಾರಾಯ್ರೆ. ಒಂದು ಅಂಗಳದಲ್ಲಿ, ಇನ್ನೊಂದು ಮೇಲೆ ಬೆಟ್ಟದಲ್ಲಿ. ಮೇಲಿನದು ನೋಡಿ ಬರುವ ಕೆಲಸ ನನಗೆ ಕೊಟ್ಟಿದ್ದಾಳೆ’ ಅಂದರು.