ಮೇಲಿನ ಹಲಗೆಗಿಂತ ಮೊದಲು ಕೆಳಗಿನ ನೆಲ ನೋಡಿ

ಮರದಂತೆ ಕಾಣುವ ವಿನೈಲ್ ಹಲಗೆ ಈಗ ನಮ್ಮ ಹಳ್ಳಿ ಮನೆಗಳಿಗೂ ಬಂದಿದೆ. ಒಂದಕ್ಕೊಂದು ಸಿಕ್ಕಿಸುವ ಈ ಹಲಗೆಯನ್ನು ಚಾಕು, ಅಳತೆ ಟೇಪು, ರಬ್ಬರ್ ಸುತ್ತಿಗೆ ಇದ್ದರೆ ನಾವೇ ಹಾಸಬಹುದು. ಕೂಲಿ ಉಳಿಸಿ, ಬೇಡವೆನ್ನುವುದಿಲ್ಲ. ಆದರೆ ನೆಲ ಪರೀಕ್ಷಿಸುವ ಕೆಲಸ ಬಿಡಬೇಡಿ ಎಂಬುದು ನಮ್ಮ ಮಾತು.

ವಿನೈಲ್ ಎಂದರೆ ಪ್ಲಾಸ್ಟಿಕ್. ಮೇಲೆ ನೀರು ಚೆಲ್ಲಿದರೆ ಒರೆಸಿದರಾಯಿತು. ಆದರೆ ಗಾರೆ ನೆಲದಿಂದ ಮೇಲೇಳುವ ತೇವವನ್ನು ಅದು ಹೊರಬಿಡದು. ಅಡಿಯಲ್ಲೇ ನಿಂತ ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಅಂಟು ಹಾಕಿದ್ದರೆ ಬಿಟ್ಟುಕೊಳ್ಳುತ್ತದೆ.

ಪರೀಕ್ಷೆಗೆ ಖರ್ಚಿಲ್ಲ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕಿಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿ. ಒಂದು ದಿನ ಬಿಟ್ಟು ತೆಗೆಯಿರಿ. ಹನಿ ಕಂಡರೆ, ನೆಲ ಕಪ್ಪಾಗಿದ್ದರೆ ಹಾಸಬೇಡಿ. ಇದನ್ನು ಮಳೆಗಾಲದಲ್ಲಿ ಮಾಡಿ. ಬೇಸಿಗೆಯ ನೆಲ ನಂಬುವಂಥದ್ದಲ್ಲ.

ನೆಲ ಒಣಗಿದ್ದರೆ ತಗ್ಗು ತುಂಬಿ ಮಟ್ಟ ಮಾಡಿ. ಗೋಡೆಯ ಬದಿಗೆ ಕಾಲು ಇಂಚು ಜಾಗ ಬಿಡಿ, ಬಿಸಿಲಿಗೆ ಹಲಗೆ ಹಿಗ್ಗುತ್ತದೆ.

ಇನ್ನು ಹಳೆಯ ರೆಡ್ ಆಕ್ಸೈಡ್ ನೆಲ ಗಟ್ಟಿಯಾಗಿದ್ದರೆ ಅದರ ಮೇಲೆ ಅಂಟು ಸುರಿಯಬೇಡಿ. ಮುಂದೆ ಅಂಟು ಕೀಳುವಾಗ ನೆಲದ ಹೊಳಪೂ ಜೊತೆಗೇ ಹೋಗುತ್ತದೆ. ಅಂಗಡಿಯವರು ಹಲಗೆಯ ಬಣ್ಣ ತೋರಿಸುತ್ತಾರೆ, ನಿಮ್ಮ ನೆಲವನ್ನು ನೀವೇ ನೋಡಬೇಕು.