‘ಉದ್ಭವ’ ನೋಡಿ ನಕ್ಕರಷ್ಟೇ ಸಾಲದು

ಅನಂತನಾಗ್ ಮಾಡಿದ ಹಾಸ್ಯ ಚಿತ್ರಗಳಲ್ಲಿ ನಿಮಗೆ ಇಷ್ಟವಾದದ್ದು ಯಾವುದು ಅಂತ ಯಾರನ್ನಾದರೂ ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಜನ ‘ಗಣೇಶನ ಮದುವೆ’ ಅಂತಾರೆ, ಇಲ್ಲವೇ ‘ಗೌರಿ ಗಣೇಶ’ ಅಂತಾರೆ. ತಪ್ಪೇನಿಲ್ಲ. ಫಣಿ ರಾಮಚಂದ್ರ ಅವರ ಈ ಎರಡೂ ಚಿತ್ರಗಳು ಟೀವಿಯಲ್ಲಿ ಎಷ್ಟು ಸಲ ಬಂದರೂ ಜನ ಕೂತು ನೋಡುತ್ತಾರೆ. ಆದರೆ ಹತ್ತನೆಯವನು ಒಬ್ಬ ಇರುತ್ತಾನೆ. ಅವನು ಸ್ವಲ್ಪ ತಡೆದು, “ಅದೆಲ್ಲ ಇರಲಿ ಸ್ವಾಮಿ, ‘ಉದ್ಭವ’ ನೋಡಿದೀರಾ?” ಅಂತ ಕೇಳುತ್ತಾನೆ. ಆ ಹತ್ತನೆಯವನ ಪರವಾಗಿ ಇಂದು ನಾಲ್ಕು ಮಾತು.

‘ಉದ್ಭವ’ ತೆರೆಗೆ ಬಂದದ್ದು 1990ರಲ್ಲಿ. ‘ಗಣೇಶನ ಮದುವೆ’ಯೂ ಅದೇ ವರ್ಷದ್ದು. ಮದುವೆಯ ಗದ್ದಲದಲ್ಲಿ ‘ಉದ್ಭವ’ದ ಸದ್ದು ಅಡಗಿಹೋಯಿತೋ ಏನೋ! ನಿರ್ದೇಶಕರು ಕೋಡ್ಲು ರಾಮಕೃಷ್ಣ. ಕಥೆ ಬಿ.ವಿ. ವೈಕುಂಠರಾಜು ಅವರ ಕಾದಂಬರಿಯದು. ವೈಕುಂಠರಾಜು ಪತ್ರಕರ್ತರು, ‘ವಾರಪತ್ರಿಕೆ’ ನಡೆಸಿದವರು. ಊರಿನ ಒಳಸುಳಿಗಳನ್ನು ಹತ್ತಿರದಿಂದ ಕಂಡವರು ಬರೆದ ಕಥೆ ಅನ್ನೋದು ಚಿತ್ರ ನೋಡಿದವರಿಗೆ ತಾನಾಗಿಯೇ ತಿಳಿಯುತ್ತದೆ.

ವಿಷಯ ಇಷ್ಟೇ. ಊರಿನಲ್ಲಿ ರಸ್ತೆ ಅಗಲ ಮಾಡಬೇಕು. ರಸ್ತೆ ಅಗಲವಾದರೆ ಕೆಲವರಿಗೆ ಲಾಭ, ಕೆಲವರಿಗೆ ನಷ್ಟ. ಲಾಭ ನಷ್ಟದ ನಡುವೆ ನಿಂತು ತನ್ನ ಬೇಳೆ ಬೇಯಿಸಿಕೊಳ್ಳುವ ಮಾತುಗಾರನೊಬ್ಬ. ಆಮೇಲೆ ನೆಲದಿಂದ ಗಣಪತಿ ‘ಉದ್ಭವ’ವಾಗುತ್ತಾನೆ! ಆದದ್ದಲ್ಲ, ಮಾಡಿದ್ದು. ಗಣಪತಿ ಎದ್ದ ಮೇಲೆ ರಸ್ತೆಯ ಮಾತು ಎತ್ತುವ ಧೈರ್ಯ ಯಾರಿಗಿದೆ?

ಈ ಚಿತ್ರದ ಮೇಲೆ ಕೆಲವರಿಗೆ ಇಷ್ಟೊಂದು ಪ್ರೀತಿ ಯಾಕೆ? ಅನಂತನಾಗ್ ಇದ್ದಾರೆ ಅನ್ನೋದು ಒಂದು ಕಾರಣ, ನಿಜ. ಟೋಪಿ ಹಾಕುವಾಗಲೂ ದನಿ ಏರಿಸದೆ, ಮನೆಯವನ ಹಾಗೆ ಮಾತಾಡಿ ಹಾಕುವ ವಿದ್ಯೆ ಅವರಿಗಿಂತ ಚೆನ್ನಾಗಿ ಇನ್ಯಾರಿಗೂ ಬರುವುದಿಲ್ಲ. ಆದರೆ ದೊಡ್ಡ ಕಾರಣ ಬೇರೆ. ‘ಗೌರಿ ಗಣೇಶ’ದ ವಂಚಕ ಕೈ ಹಾಕುವುದು ಶ್ರೀಮಂತರ ಜೇಬಿಗೆ. ನಾವು ಹೊರಗೆ ನಿಂತು ನಗುತ್ತೇವೆ. ‘ಉದ್ಭವ’ದಲ್ಲಿ ಮೋಸ ಹೋಗುವುದು ಇಡೀ ಊರು. ಊರು ಅಂದರೆ ಯಾರು? ಅಂಗಡಿ ಬಾಗಿಲು ತೆಗೆಯುವ ನೀವು, ಬಸ್ಸಿಗೆ ಕಾಯುವ ನಾವು. ನಕ್ಕ ಮೇಲೆ ಎಲ್ಲೋ ಚುರುಕ್ ಅನ್ನುತ್ತದೆ.

ಇಂಥ ಮನುಷ್ಯ ನಿಮಗೂ ಗೊತ್ತು. ಯಾವ ಊರಿನಲ್ಲಿಲ್ಲ ಹೇಳಿ? ಗೋಡೆಯ ಮೇಲೆ ಕೆಂಪು ಗುರುತು ಬಿದ್ದ ದಿನ ಸಂಜೆಯೇ ಹಾಜರ್. ಜನರ ಮುಂದೆ ಅವನು ಇಂಜಿನಿಯರ ಸ್ನೇಹಿತ. ಇಂಜಿನಿಯರ ಮುಂದೆ ಜನರ ಮುಖಂಡ. “ನಿಮ್ಮ ಅಂಗಡಿ ಮಾತ್ರ ಉಳಿಸೋಣ, ಬೇರೆಯವರಿಗೆ ಹೇಳಬೇಡಿ” ಅಂತ ಸಾಲಿನ ಎಲ್ಲ ಅಂಗಡಿಯಲ್ಲೂ ಹೇಳುತ್ತಾನೆ. ಗುರುತು ಒಂದಡಿ ಹಿಂದೆ ಸರಿದರೆ ತನ್ನ ಪ್ರಭಾವ. ಸರಿಯದಿದ್ದರೆ ಮೇಲಿನವರ ಹಟ. ಎರಡರಲ್ಲೂ ಅವನ ಗಂಟು ಭದ್ರ. ಅವನಿಗೆ ಚಾಕು ಚೂರಿ ಬೇಡ. ನಮ್ಮ ಹೆದರಿಕೆ ಮತ್ತು ನಮ್ಮ ಭಕ್ತಿ, ಇವೆರಡೇ ಅವನ ಬಂಡವಾಳ.

‘ಇದು ದೇವರನ್ನು ಗೇಲಿ ಮಾಡುವ ಚಿತ್ರ’ ಅಂತ ಮೂಗು ಮುರಿಯುವವರೂ ಇದ್ದಾರೆ. ಅಲ್ಲ ಮಾರಾಯರೇ, ಗೇಲಿ ಮಾಡಿದ್ದು ದೇವರನ್ನಲ್ಲ, ದೇವರನ್ನು ದುಡಿಮೆಗೆ ಹಚ್ಚಿದವನನ್ನು. ಭಕ್ತನಿಗೆ ಇದರಲ್ಲಿ ಕೋಪ ಬರುವಂಥದ್ದೇನೂ ಇಲ್ಲ. ಕೋಪ ಬರಬೇಕಾದದ್ದು ಹುಂಡಿ ಇಟ್ಟವನಿಗೆ.

ಸರ್ಕಾರ, ಕೋರ್ಟು ಈ ವಿಷಯಕ್ಕೆ ಬಂದದ್ದು ಎಷ್ಟೋ ವರ್ಷ ತಡವಾಗಿ. ರಸ್ತೆ, ಪಾರ್ಕು ಮುಂತಾದ ಸಾರ್ವಜನಿಕ ಜಾಗದಲ್ಲಿ ಯಾವ ಧರ್ಮದ ಹೆಸರಿನಲ್ಲೂ ಹೊಸದಾಗಿ ಅನಧಿಕೃತ ಕಟ್ಟಡ ಏಳಕೂಡದು ಅಂತ ಸುಪ್ರೀಂ ಕೋರ್ಟು ಹೇಳಿದ್ದು 2009ರ ಸೆಪ್ಟೆಂಬರಿನಲ್ಲಿ. ಚಿತ್ರ ಬಂದು ಆಗಲೇ ಹತ್ತೊಂಬತ್ತು ವರ್ಷ. 2021ರಲ್ಲಿ ನಂಜನಗೂಡು ತಾಲೂಕಿನ ಹುಚ್ಚಗಣಿಯಲ್ಲಿ ದೇವಸ್ಥಾನ ಕೆಡವಿದಾಗ ಆದ ಗಲಾಟೆ ನೆನಪಿರಬಹುದು. ಆ ತಿಂಗಳಲ್ಲೇ ವಿಧಾನಮಂಡಲ ಒಂದು ಮಸೂದೆ ಪಾಸು ಮಾಡಿತು: ಅಲ್ಲಿಯವರೆಗೆ ಇದ್ದವಕ್ಕೆ ರಕ್ಷಣೆ, ಹೊಸದಕ್ಕೆ ತಡೆ. ಜನ ನಂಬಿ ಪೂಜಿಸಿದ್ದನ್ನು ಹೇಳದೆ ಕೇಳದೆ ಕೆಡವಿದರೆ ನೋವಾಗುತ್ತದೆ. ಅದು ಗೊತ್ತಿದ್ದೇ ‘ಉದ್ಭವ’ ಮಾಡಿಸುವವರು ಕಲ್ಲು ನೆಡುತ್ತಾರೆ. ಮೊದಲ ರಾತ್ರಿ ಸುಮ್ಮನಿದ್ದವರು ಹತ್ತು ವರ್ಷದ ಮೇಲೆ ಪೊಲೀಸು, ಜೆಸಿಬಿ ತಂದರೆ ಗಲಾಟೆಯಾಗದೆ ಇನ್ನೇನಾಗುತ್ತದೆ?

ಇನ್ನೊಂದು ತಮಾಷೆ ಇದೆ. ತೆರೆಯ ಮೇಲೆ ಈ ಆಟ ಆಡಿದ ಅನಂತನಾಗ್ 1994ರಲ್ಲಿ ಮಲ್ಲೇಶ್ವರದಿಂದ ಗೆದ್ದು ಶಾಸಕರಾದರು. ಮುಂದೆ ಜೆ.ಎಚ್. ಪಟೇಲರ ಸಂಪುಟದಲ್ಲಿ ಅವರಿಗೆ ಸಿಕ್ಕಿದ್ದು ಯಾವ ಖಾತೆ ಗೊತ್ತೇ? ಬೆಂಗಳೂರು ನಗರಾಭಿವೃದ್ಧಿ! ರಸ್ತೆಯ ಕಷ್ಟ ಆ ಕಡೆಯಿಂದಲೂ ಈ ಕಡೆಯಿಂದಲೂ ನೋಡಿದ ನಟ ಇನ್ನೊಬ್ಬರು ಸಿಗಲಿಕ್ಕಿಲ್ಲ.

ಕೋಡ್ಲು ರಾಮಕೃಷ್ಣ ಅವರೇ 2022ರಲ್ಲಿ ‘ಮತ್ತೆ ಉದ್ಭವ’ ತಂದರು. ಮೂವತ್ತೆರಡು ವರ್ಷದ ಮೇಲೆ ಅದೇ ಕಥೆ ಮುಂದುವರಿಸಬಹುದು ಅಂದರೆ ಏನರ್ಥ? ನಿರ್ದೇಶಕರಿಗೆ ಹೊಸ ಕಥೆ ಸಿಗಲಿಲ್ಲ ಅಂತಲ್ಲ. ನಮ್ಮ ಹಳೆಯ ಕಥೆ ಇನ್ನೂ ಮುಗಿದಿಲ್ಲ ಅಂತ.

ಅದಕ್ಕೇ ಹೇಳಿದ್ದು, ನಕ್ಕರಷ್ಟೇ ಸಾಲದು ಅಂತ. ಮೋಸ ಹೋಗುವವರು ಇರುವ ತನಕ ಮೋಸ ಮಾಡುವವರೂ ಇರುತ್ತಾರೆ. ಗೋಡೆಗೆ ಕೆಂಪು ಗುರುತು ಬಿದ್ದರೆ ಮಧ್ಯವರ್ತಿಯ ಮನೆ ಹುಡುಕಬೇಡಿ, ಕಾಗದ ಕೇಳಿ. ರಸ್ತೆಯ ಅಗಲ ಎಷ್ಟು ಅಂತ ಮಂಜೂರಾಗಿದೆ, ನಕ್ಷೆ ಎಲ್ಲಿದೆ, ಯಾರ ಜಾಗ ಎಷ್ಟಡಿ ಹೋಗುತ್ತದೆ, ಎಲ್ಲ ಬರವಣಿಗೆಯಲ್ಲಿ ಇರಲೇಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಬಾಡಿಗೆ ಅಂಗಡಿಯವರು ‘ಜಾಗ ನಮ್ಮದಲ್ಲವಲ್ಲ’ ಅಂತ ಕೈಕಟ್ಟಿ ಕೂರಬೇಕಾಗಿಲ್ಲ. 2013ರ ಭೂಸ್ವಾಧೀನ ಕಾಯ್ದೆ, ಮೂರು ವರ್ಷದಿಂದ ಅಲ್ಲೇ ದುಡಿದು ಬದುಕುವ ಬಾಡಿಗೆದಾರರನ್ನೂ ಬಾಧಿತರ ಲೆಕ್ಕಕ್ಕೆ ಸೇರಿಸಿದೆ. ಸಾಲಿನ ಅಂಗಡಿಯವರೆಲ್ಲ ಒಂದೇ ಅರ್ಜಿಗೆ ಸಹಿ ಹಾಕಿದರೆ, ‘ನಿಮ್ಮದು ಮಾತ್ರ ಉಳಿಸೋಣ’ ಅನ್ನುವವನ ವ್ಯಾಪಾರ ಅಲ್ಲಿಗೇ ಬಂದ್.

ನಗರಸಭೆಯವರಿಗೂ ಒಂದು ಸಲಹೆ. ಇನ್ನು ಮುಂದೆ ಎಲ್ಲಿ ರಸ್ತೆ ಅಗಲ ಮಾಡಬೇಕೆಂದಿದ್ದೀರೋ ಅಲ್ಲಿ ಮೊದಲು ಜನರನ್ನು ಸೇರಿಸಿ, ಬಿಳಿ ಪರದೆ ಕಟ್ಟಿ, ಹಕ್ಕುದಾರರ ಒಪ್ಪಿಗೆ ಪಡೆದು ‘ಉದ್ಭವ’ ತೋರಿಸಿ. ಚಿತ್ರ ಮುಗಿದ ಮೇಲೆ ಅದೇ ಪರದೆಯ ಮೇಲೆ ರಸ್ತೆಯ ನಕ್ಷೆ ಹಾಕಿ, ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಡಿ. ಹೊಟ್ಟೆ ತುಂಬ ನಕ್ಕು ಕೂತ ಜನಕ್ಕೆ ಸುಳ್ಳು ಹೇಳುವುದು ಕಷ್ಟ. ನೆಲದಿಂದ ದೇವರು ಏಳುವುದಕ್ಕೆ ಮುಂಚೆ ಕಪಾಟಿನಿಂದ ಕಡತ ಎದ್ದು ಬರಲಿ.