ಕತ್ತಿಕುಣಿತ ಮತ್ತು ಗಣಿಯ ಜನ: ಗೌರವ ಯಾರಿಗೆ?

ಜನಪದ ಕಲೆಗಳನ್ನು ಹೊಗಳುವವರ ಮಾತಿನಲ್ಲಿ ಒಂದು ವಿಚಿತ್ರವಾದ ರೂಢಿ ಬೇರೂರಿದೆ. ಕಲೆ ಎಷ್ಟು ಹಳೆಯದೋ ಅಷ್ಟು ಹಿರಿದೆಂದು ಅವರು ಮೊದಲೇ ಗ್ರಹಿಸಿಬಿಡುತ್ತಾರೆ. ಅದರ ಬೇರನ್ನು ಅರಸುತ್ತ ಅರಸುತ್ತ ಕಾಲಗರ್ಭಕ್ಕೆ ಇಳಿಯುತ್ತಾರೆ. ಕಣ್ಣೆದುರಿನಲ್ಲಿ ಬೆವರಿಳಿಸಿ ಕುಣಿಯುತ್ತಿರುವ ಮನುಷ್ಯನನ್ನು ಮಾತ್ರ ಕಾಣುವುದಿಲ್ಲ. ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳ ಜನರು ಬೆಳೆಸಿದ ಕತ್ತಿಕುಣಿತದ ಚರಿತ್ರೆ ಈ ರೂಢಿಗೆ ತಕ್ಕ ನಿದರ್ಶನವಾಗಿದೆ. ಆ ಕುಣಿತಕ್ಕೆ ಸಲ್ಲುವ ಗೌರವ ಅದರ ಪ್ರಾಚೀನತೆಗಲ್ಲ, ಅದನ್ನು ಕಟ್ಟಿ ಕಾಪಾಡಿದ ದುಡಿಮೆಗಾರರಿಗೆ ಮೊದಲು ಸಲ್ಲಬೇಕೆಂಬುದು ವಿಚಾರವಂತರು ಒಪ್ಪಬೇಕಾದ ಮಾತು.

ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿರುವ ನಾರ್ಥಂಬರ್‌ಲೆಂಡ್ ಮತ್ತು ಡರಮ್ ಪ್ರಾಂತಗಳ ಗಣಿಹಳ್ಳಿಗಳಲ್ಲಿ ಈ ಕುಣಿತಕ್ಕೆ 'ರ‍್ಯಾಪರ್' ಎಂದು ಹೆಸರು. ಕೈಯಲ್ಲಿ ಹಿಡಿಯುವ ಸಾಧನದ ಹೆಸರೂ ಅದೇ. ಅದನ್ನು ಕತ್ತಿಯೆಂದು ಕರೆಯುವರಾದರೂ ಅದು ಆಯುಧವಲ್ಲ. ಅದಕ್ಕೆ ಅಲಗಿಲ್ಲ, ಮೊನೆಯಿಲ್ಲ. ಸುಮಾರು ಎರಡು ಅಡಿ ಉದ್ದದ, ಬಳ್ಳಿಯಂತೆ ಬಳುಕುವ ಉಕ್ಕಿನ ಪಟ್ಟಿ. ಅದರ ಎರಡು ತುದಿಗಳಿಗೂ ಹಿಡಿಗಳು. ಒಂದು ಹಿಡಿ ಸ್ಥಿರ, ಇನ್ನೊಂದು ತಿರುಗುವಂಥದು. ಕುಣಿಯುವವರು ಐವರು. ಪ್ರತಿಯೊಬ್ಬನೂ ಒಂದು ಕೈಯಲ್ಲಿ ತನ್ನ ಪಟ್ಟಿಯ ಹಿಡಿಯನ್ನೂ ಮತ್ತೊಂದು ಕೈಯಲ್ಲಿ ನೆರೆಯವನ ಪಟ್ಟಿಯ ತುದಿಯನ್ನೂ ಹಿಡಿದಾಗ ಐವರೂ ಒಂದೇ ಬಳೆಯಾಗುತ್ತಾರೆ. ಆಮೇಲೆ ಆ ಬಳೆ ಮುರಿಯುವುದಿಲ್ಲ. ಪಟ್ಟಿಗಳ ಕೆಳಗೆ ನುಸುಳಿ, ಮೇಲೆ ಹಾರಿ, ಒಬ್ಬರ ಬೆನ್ನಿಗೆ ಒಬ್ಬರು ಸುತ್ತಿ, ಗಟ್ಟಿ ಅಟ್ಟೆಯ ಪಾದರಕ್ಷೆಗಳಿಂದ ನೆಲಕ್ಕೆ ತಾಳ ಹಾಕುತ್ತ, ಪಿಟೀಲಿನ ಇಲ್ಲವೆ ಬೇರೊಂದು ವಾದ್ಯದ ದ್ರುತಗತಿಗೆ ಹೆಜ್ಜೆ ತಪ್ಪದಂತೆ ಅವರು ಕುಣಿಯಬೇಕು. ಕೊನೆಗೆ ಐದು ಪಟ್ಟಿಗಳೂ ಪರಸ್ಪರ ಹೆಣೆದುಕೊಂಡು ಐದು ಮೂಲೆಯ ನಕ್ಷತ್ರವಾಗುತ್ತವೆ. ಅದನ್ನು ಒಬ್ಬನು ಒಂದೇ ಕೈಯಿಂದ ಮೇಲೆತ್ತಿ ಹಿಡಿದಾಗ ನೆರೆದವರು ಚಪ್ಪಾಳೆ ತಟ್ಟುತ್ತಾರೆ. ಜಡೆಕೋಲಾಟವನ್ನು ಕಂಡವರಿಗೆ ಈ ಹೆಣಿಗೆಯ ಸೊಗಸನ್ನು ಊಹಿಸುವುದು ಕಷ್ಟವಾಗಲಾರದು. ಟಾಮಿ ಎಂಬ ವಿದೂಷಕನೂ, ಹೆಣ್ಣುವೇಷದ ಬೆಟ್ಟಿಯೂ ನಗೆಮಾತಿನಿಂದ ಜನರನ್ನು ರಂಜಿಸುವುದುಂಟು.

ಯಾರ್ಕ್‌ಶೈರ್ ಪ್ರಾಂತದಲ್ಲಿ ಇದರ ಸೋದರಕಲೆಯೊಂದಿದೆ. ಅಲ್ಲಿಯ ಕತ್ತಿಗಳು ಉದ್ದವಾದವು, ಬಾಗದಂಥವು; ನಡೆ ಗಂಭೀರವಾದುದು. ಷೆಫೀಲ್ಡ್ ನಗರದ ಬಳಿಯ ಗ್ರೆನೊಸೈಡ್‌ನಲ್ಲಿ ಆರು ಮಂದಿ, ಹ್ಯಾಂಡ್ಸ್‌ವರ್ತ್‌ನಲ್ಲಿ ಎಂಟು ಮಂದಿ ಕ್ರಿಸ್‌ಮಸ್ಸಿನ ಮರುದಿನ ಕುಣಿಯುವ ಸಂಪ್ರದಾಯವಿದೆ.

ಈ ಕುಣಿತಗಳು ವಿದ್ವಾಂಸರ ಗಮನಕ್ಕೆ ಬಂದುದು ಹೇಗೆಂಬುದನ್ನೂ ತಿಳಿಯಬೇಕು. ನಾರ್ಥಂಬರ್‌ಲೆಂಡಿನ ಕತ್ತಿಕುಣಿತವನ್ನು ಜಾನ್ ವಾಲಿಸ್ ಎಂಬಾತ 1769ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಉಲ್ಲೇಖಿಸಿದ್ದಾನೆ. ಆದರೆ ಕುಣಿತದ ಹೆಜ್ಜೆಗಳನ್ನೂ ಹೆಣಿಗೆಗಳನ್ನೂ ಕ್ರಮವಾಗಿ ಬರೆದಿಟ್ಟ ಕೀರ್ತಿ ಸೆಸಿಲ್ ಶಾರ್ಪ್ ಎಂಬ ಸಂಗ್ರಾಹಕನದು. 1911ರಿಂದ 1913ರವರೆಗೆ ಮೂರು ಸಂಪುಟಗಳಲ್ಲಿ ಆತ ಉತ್ತರ ಇಂಗ್ಲೆಂಡಿನ ಕತ್ತಿಕುಣಿತಗಳನ್ನು ವರ್ಣಿಸಿದನು. ಇಯರ್ಸ್‌ಡನ್, ಸ್ವಾಲ್ವೆಲ್, ವಿನ್ಲೇಟನ್ ಮೊದಲಾದ ಊರುಗಳ ಕುಣಿತಗಳು ಹೊರಜಗತ್ತಿಗೆ ಪರಿಚಿತವಾದುದು ಬಹುಮಟ್ಟಿಗೆ ಆ ಪರಿಶ್ರಮದಿಂದ. ಅಷ್ಟರ ಮಟ್ಟಿಗೆ ಶಾರ್ಪ್ ಸರ್ವಥಾ ವಂದನೀಯನು.

ಆದರೆ ಅರ್ಥವಿವರಣೆಗೆ ಕೈಹಾಕಿದಾಗ ಆತನ ದೃಷ್ಟಿ ಬೇರೆಡೆಗೆ ಹರಿಯಿತು. ಗ್ರೆನೊಸೈಡ್‌ನಲ್ಲಿ ನಾಯಕನ ಕೊರಳ ಸುತ್ತ ಕತ್ತಿಗಳನ್ನು ಹೆಣೆದು, ಎಳೆದಾಗ ಆತನ ತುಪ್ಪಳದ ಟೋಪಿ ಹಾರಿಬೀಳುವ ಒಂದು ಆಟವಿದೆ. ಇಂಥ ಸಂಗತಿಗಳನ್ನು ಆಧರಿಸಿ, ಇದು ಕ್ರೈಸ್ತಧರ್ಮಕ್ಕೂ ಹಿಂದಿನ ನರಬಲಿಯ ಅವಶೇಷವೆಂದು ಶಾರ್ಪ್ ಮತ್ತು ಆ ಕಾಲದ ಇತರರು ಬಗೆದರು. ಕಲ್ಪನೆ ರಮ್ಯವಾಗಿದೆ, ಪ್ರಮಾಣ ಸಾಲದು. ಅನಂತರದ ಸಂಶೋಧಕರು ಯೂರೋಪಿನ ದಾಖಲೆಗಳನ್ನು ಶೋಧಿಸಿದಾಗ ದೊರೆತುದು ಬೇರೆಯೇ ಚಿತ್ರ. ಹದಿನಾಲ್ಕನೆಯ ಶತಮಾನದ ಕೊನೆಯಿಂದೀಚೆಗೆ ನಗರಗಳ ಕಸುಬುದಾರರ ಸಂಘಗಳು ಹಬ್ಬದ ದಿನಗಳಲ್ಲಿ ಇಂಥ ಕುಣಿತಗಳನ್ನು ಆಡಿದ ಉಲ್ಲೇಖಗಳು ಸಿಗುತ್ತವೆ. ನರಬಲಿಯ ಸುಳಿವು ಸಿಗುವುದಿಲ್ಲ. ಬಳುಕುವ ಉಕ್ಕಿನ ಪಟ್ಟಿಯಂತೂ ಸಾಮಾನ್ಯರ ಕೈಗೆ ಎಟುಕಿದುದು ಕೈಗಾರಿಕೆಯ ಯುಗದಲ್ಲಿಯೇ. ಆದಕಾರಣ ರ‍್ಯಾಪರ್ ಕುಣಿತ ಇಂದು ಕಾಣುವ ರೂಪದಲ್ಲಿ ಗಣಿ ಮತ್ತು ಕುಲುಮೆಗಳ ಕಾಲದ ಕೂಸೆಂದು ಹೇಳುವುದೇ ಯುಕ್ತವಾದುದು. ಗಣಿಯೊಳಗಿನ ಕುದುರೆಗಳ ಮೈಬೆವರನ್ನು ಒರೆಸುವ ಪಟ್ಟಿಯೇ ಕತ್ತಿಯಾಯಿತೆಂಬ ಕಥೆಯೊಂದು ಜನರ ಬಾಯಲ್ಲಿದೆ. ಅದಕ್ಕೂ ಗಟ್ಟಿಯಾದ ಆಧಾರವಿಲ್ಲ.

ಇಲ್ಲಿ ಕಾಣುವ ದೋಷ ಇತಿಹಾಸಜ್ಞಾನಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಅದರೊಳಗೆ ಒಂದು ಅವಜ್ಞೆಯೂ ಅಡಗಿದೆ. ಗಣಿಯ ಕೂಲಿಕಾರನು ಅರ್ಥವರಿಯದೆ ಹಳೆಯ ವಿಧಿಯೊಂದನ್ನು ಹೊತ್ತು ತಂದವನು ಮಾತ್ರ, ತಾನೇ ಏನನ್ನೂ ನಿರ್ಮಿಸಲಾರದವನು ಎಂಬ ಭಾವನೆ ಅದರ ತಳದಲ್ಲಿದೆ. ಇಷ್ಟು ಸೂಕ್ಷ್ಮವಾದ ಹೆಣಿಗೆಯನ್ನು ಚಿಂತಿಸಿ, ತಿದ್ದಿ, ಪರಿಷ್ಕರಿಸಿ ನಿಲ್ಲಿಸಿದವರು ಆ ಕೂಲಿಕಾರರೇ ಎಂದು ಒಪ್ಪುವುದಕ್ಕೆ ಓದುಬಲ್ಲವರ ಮನಸ್ಸು ಹಿಂಜರಿಯಿತು.

ಅವರ ಬದುಕು ಎಂಥದೆಂಬುದಕ್ಕೆ ಇಯರ್ಸ್‌ಡನ್ ಗ್ರಾಮದ ಇಗರ್ಜಿಯ ಅಂಗಳವೇ ಸಾಕ್ಷಿ. ಅಲ್ಲಿಗೆ ಕೆಲವೇ ಮೈಲಿ ದೂರದ ಹಾರ್ಟ್ಲಿ ಗಣಿಗೆ ಇದ್ದುದು ಒಂದೇ ಒಂದು ಇಳಿಬಾವಿ. 1862ನೆಯ ಇಸವಿ ಜನವರಿ 16ರಂದು ನೀರೆತ್ತುವ ಯಂತ್ರದ ಎರಕದ ಕಬ್ಬಿಣದ ತೊಲೆ ಮುರಿದು ಸುಮಾರು 20 ಟನ್ ಭಾರದ ತುಂಡು ಆ ಬಾವಿಯೊಳಗೆ ಬಿದ್ದಿತು; ದಾರಿ ಮುಚ್ಚಿಹೋಯಿತು. ಮೇಲಿನವರು ಹಗಲಿರುಳು ಅಗೆದರು. ಒಳಗಿದ್ದವರನ್ನು ತಲುಪುವ ವೇಳೆಗೆ ವಿಷವಾಯು ತನ್ನ ಕೆಲಸವನ್ನು ಮುಗಿಸಿತ್ತು. ಒಟ್ಟು 204 ಮಂದಿ ಗಂಡಸರೂ ಹುಡುಗರೂ ಸತ್ತರು. ತಂದೆಯೂ ಮಕ್ಕಳೂ ಒಟ್ಟಿಗೆ ಹೋದ ಮನೆಗಳುಂಟು. ಬಹುಮಂದಿಯನ್ನು ಇಯರ್ಸ್‌ಡನ್‌ನಲ್ಲಿಯೇ ಮಣ್ಣುಮಾಡಲಾಯಿತು. ಅವರ ಹೆಸರುಗಳನ್ನು ಹೊತ್ತ ಶಿಲಾಸ್ತಂಭ ಈಗಲೂ ಅಲ್ಲಿದೆ. ಗಣಿಗಳಿಗೆ ಹೊರಬರುವ ಎರಡು ದಾರಿಗಳಿರಬೇಕೆಂಬ ಶಾಸನ ಆದುದು ಅದೇ ವರ್ಷ, ಆ ಸಾವುಗಳ ಬಳಿಕ.

ಅದೇ ಇಯರ್ಸ್‌ಡನ್‌ನ ಗಣಿಕಾರ್ಮಿಕರ ತಂಡ 1906ರಲ್ಲಿ ಆನಿಕ್ ಕೋಟೆಯಲ್ಲಿ ದೊರೆ ಏಳನೆಯ ಎಡ್ವರ್ಡನ ಮುಂದೆ ಕುಣಿದು 'ರಾಯಲ್' ಎಂಬ ವಿಶೇಷಣವನ್ನು ಪಡೆಯಿತು. ಒಂದೇ ಊರಿನ ಹೆಸರಿನಲ್ಲಿ ಆ ಸ್ತಂಭವೂ ಈ ಕುಣಿತವೂ ಸೇರಿಕೊಂಡಿವೆ. ಇವೆರಡನ್ನೂ ಒಟ್ಟಿಗೆ ನೋಡದವನು ಕುಣಿತವನ್ನು ಅರ್ಧ ಮಾತ್ರ ನೋಡಿದಂತೆ.

ಗಣಿಯ ಸಂಕಟವೇ ಕುಣಿತವನ್ನು ಹುಟ್ಟಿಸಿತೆಂದು ಹೇಳಹೊರಟರೆ ಅದು ನರಬಲಿಯ ಕಲ್ಪನೆಯಂತೆಯೇ ಇನ್ನೊಂದು ಕಲ್ಪನೆಯಾದೀತು. ಅಷ್ಟು ಹೇಳಬೇಕಾದ ಅಗತ್ಯವೂ ಇಲ್ಲ. ನೆಲದಡಿಯ ಇಕ್ಕಟ್ಟಿನಲ್ಲಿ ಒಬ್ಬನ ಪ್ರಾಣ ಮತ್ತೊಬ್ಬನ ಎಚ್ಚರಿಕೆಯ ಮೇಲೆ ನಿಂತಿರುತ್ತದೆ. ಅಂಥ ಬಾಳನ್ನು ಬಾಳಿದವರು, ಐವರಲ್ಲಿ ಒಬ್ಬನು ಕೈಬಿಟ್ಟರೂ ಕೆಟ್ಟುಹೋಗುವ ಕುಣಿತವನ್ನು ತಮ್ಮದೆಂದು ಅಪ್ಪಿಕೊಂಡುದು ಸಹಜವೇ ಆಗಿದೆ. ಗಣಿಯಲ್ಲಿ ತೊಡುತ್ತಿದ್ದ ಮೊಳಕಾಲುದ್ದದ ಚಡ್ಡಿಯನ್ನೇ ಅವರು ಕುಣಿತದ ಉಡುಪಾಗಿಯೂ ಉಳಿಸಿಕೊಂಡರು. ಕ್ರಿಸ್‌ಮಸ್ ಕಾಲದಲ್ಲಿ ಊರೂರು ತಿರುಗಿ ಕುಣಿದು ನಾಲ್ಕು ಕಾಸು ಸಂಪಾದಿಸಿದರು. 1919ರಿಂದ ನ್ಯೂಕಾಸಲ್ ನಗರದ ಸಂಗೀತಸ್ಪರ್ಧೆಯಲ್ಲಿ ಕತ್ತಿಕುಣಿತಕ್ಕೂ ಸ್ಥಾನ ದೊರೆತಾಗ ಹಳ್ಳಿ ಹಳ್ಳಿಗಳ ತಂಡಗಳು ಪಂಥ ಕಟ್ಟಿ ಸೆಣಸಿದವು. ಹೊಟ್ಟೆಪಾಡು, ಊರಿನ ಅಭಿಮಾನ, ಹಬ್ಬದ ಉಲ್ಲಾಸ ಇವು ಮೂರೂ ಆ ಕುಣಿತದಲ್ಲಿ ಸೇರಿದ್ದವು. ಇವುಗಳಲ್ಲಿ ಯಾವುದೂ ನಾಚಿಕೆಪಡಬೇಕಾದ ಮೂಲವಲ್ಲ.

ಕಾಲ ಬದಲಾಯಿತು. 1947ರಲ್ಲಿ ಗಣಿಗಳು ರಾಷ್ಟ್ರದ ಸ್ವತ್ತಾದವು. 1984–85ರ ದೀರ್ಘವಾದ ಮುಷ್ಕರ ಸೋತ ಬಳಿಕ ಒಂದೊಂದಾಗಿ ಮುಚ್ಚತೊಡಗಿದವು. ಡರಮ್ ಪ್ರದೇಶದ ಕೊನೆಯ ಗಣಿಯಾದ ಮಂಕ್‌ವೇರ್‌ಮತ್ 1993ರಲ್ಲಿ ನಿಂತಿತು. ಆ ಜಾಗದಲ್ಲಿ ಈಗ ಫುಟ್‌ಬಾಲ್ ಕ್ರೀಡಾಂಗಣವಿದೆ. ನಾರ್ಥಂಬರ್‌ಲೆಂಡಿನ ಎಲಿಂಗ್ಟನ್ 2005ರಲ್ಲಿ, ಯಾರ್ಕ್‌ಶೈರಿನ ಕೆಲಿಂಗ್ಲಿ 2015ರಲ್ಲಿ ಮುಚ್ಚಿದವು. ಅಲ್ಲಿಗೆ ಬ್ರಿಟನ್ನಿನಲ್ಲಿ ಆಳದ ಕಲ್ಲಿದ್ದಲ ಗಣಿಗಳ ಯುಗವೇ ಮುಗಿಯಿತು. ಕುಣಿತ ಮಾತ್ರ ಮುಗಿಯಲಿಲ್ಲ. ನ್ಯೂಕಾಸಲ್‌ನ ಕಾಲೇಜಿನಲ್ಲಿ 1949ರಲ್ಲಿಯೇ ವಿದ್ಯಾರ್ಥಿಗಳ ತಂಡವೊಂದು ಹುಟ್ಟಿತ್ತು. ಇಂದು ಗಣಿಯನ್ನು ಕಣ್ಣಾರೆ ಕಾಣದ ತರುಣರೂ, ಹಿಂದೆ ಈ ಕುಣಿತಕ್ಕೆ ಹೊರಗಿನವರಾಗಿದ್ದ ಹೆಣ್ಣುಮಕ್ಕಳೂ ಇದನ್ನು ಕಲಿತು ಸ್ಪರ್ಧೆಗಳಲ್ಲಿ ಮೆರೆಯುತ್ತಿದ್ದಾರೆ.

ಗಣಿಯೇ ಇಲ್ಲದ ಮೇಲೆ ಇದು ಬರಿಯ ವೇಷವಲ್ಲವೇ ಎಂದು ಆಕ್ಷೇಪಿಸುವವರುಂಟು. ಆಕ್ಷೇಪದಲ್ಲಿ ಹುರುಳಿದೆ, ಆದರೆ ಅದರ ತೀರ್ಮಾನ ಸರಿಯಲ್ಲ. ಕಲಿತವನಿಗೆ ವಿದ್ಯೆ ಸಲ್ಲುತ್ತದೆ. ಕುಲ ಕಸುಬುಗಳ ಬೇಲಿಯನ್ನು ಅದಕ್ಕೆ ಕಟ್ಟಲಾಗದು. ತಾತನ ನೇಗಿಲನ್ನು ಹಿಡಿಯದ ಮೊಮ್ಮಗನು ತಾತನ ಹಾಡನ್ನು ಹಾಡಬಾರದೆಂದು ಯಾರು ವಿಧಿಸಿಯಾರು? ವೇಷವಾಗುವುದು ಕುಣಿಯುವವನು ಗಣಿಕಾರ್ಮಿಕನಲ್ಲವೆಂಬುದರಿಂದಲ್ಲ. ತಾನು ಯಾರಿಂದ ಪಡೆದೆನೆಂಬುದನ್ನು ಅವನು ಮರೆತಾಗ. ಪಡೆದುದಕ್ಕೆ ತೆರಬೇಕಾದ ಋಣ ಒಂದೇ, ಅದು ಸ್ಮರಣೆ. ಹೆಜ್ಜೆಯ ಜೊತೆಗೆ ಹಾರ್ಟ್ಲಿಯ ಕಥೆಯನ್ನೂ ಹೇಳಿಕೊಟ್ಟರೆ ಆ ಋಣ ಸಂದಂತೆ.

ಕಲೆಗಳಿಗೆ ಆಶ್ರಯವೀಯುವ ದಾನಿಗಳೂ, ಅವನ್ನು ಮಕ್ಕಳಿಗೆ ಕಲಿಸುವ ಉಪಾಧ್ಯಾಯರೂ ಎಲ್ಲಿಯೇ ಇರಲಿ, ಈ ವಿವೇಕವನ್ನು ಮನಗಾಣಬೇಕು. ವಾರ್ಷಿಕೋತ್ಸವದ ವೇದಿಕೆಯ ಮೇಲೆ ಹತ್ತು ನಿಮಿಷ ಕುಣಿಸಿ, ಇದು ಅನಾದಿಕಾಲದ ಕಲೆಯೆಂದು ಘೋಷಿಸಿ ಕೈತೊಳೆದುಕೊಳ್ಳುವುದು ಸುಲಭ. ಇದನ್ನು ಕಟ್ಟಿದವರು ಯಾರು, ಅವರು ಏನು ದುಡಿದರು, ಹೇಗೆ ಬದುಕಿದರು, ಹೇಗೆ ಸತ್ತರು ಎಂಬುದನ್ನು ಮಗುವಿಗೆ ತಿಳಿಸುವುದು ಕಷ್ಟ. ವಿದ್ಯೆಯೆನಿಸುವುದು ಆ ಕಷ್ಟವೇ. ಮೇಲೆತ್ತಿದ ಉಕ್ಕಿನ ನಕ್ಷತ್ರವನ್ನು ಕಂಡು ಚಪ್ಪಾಳೆ ತಟ್ಟುವ ಮೊದಲು, ಅದನ್ನು ಹೆಣೆದ ಕೈಗಳನ್ನು ಒಂದು ಕ್ಷಣ ನೆನೆಯುವುದು ನೋಡುವವರ ಧರ್ಮ.